ಘಟ್ಟ, ಉಪ್ಪುಗಾಳಿ, ಮಳೆ ಮೂರನ್ನೂ ತಡ್ಕೊಳ್ಳೋ ಸ್ಪೋರ್ಟ್ಸ್ ಕಾರು ಯಾವ್ದು? ಕಾರವಾರ-ಶಿರಸಿ ಕಡೆಯವ್ರಿಗೆ ಒಂದು ಹೋಲಿಕೆ

ಎರಡು ತಿಂಗಳಲ್ಲಿ ಮೂರು ಜನ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. ಒಬ್ಬ ಶಿರಸಿ ಹುಡುಗ, ಈ ಸಲ ಅಡಿಕೆ ರೇಟು ಚೆನ್ನಾಗಿ ಸಿಕ್ಕಿದ್ದಕ್ಕೆ ಅಪ್ಪ ಆರು ಲಕ್ಷದವರೆಗೆ ಕೊಡ್ತೇನೆ ಅಂದಿದ್ದಾರೆ. ಇನ್ನೊಬ್ಳು ಕಾರವಾರದವ್ಳು, ಕೆಲ್ಸದ ಮೇಲೆ ವಾರಕ್ಕೆ ಎರಡ್ಮೂರು ಸಲ ಮಡಗಾಂವ್‌ಗೆ ಹೋಗಿಬರ್ತಾಳೆ, ಹನ್ನೆರಡು ಹದಿಮೂರು ಲಕ್ಷದಲ್ಲಿ ಹೊಸ ಕಾರೇ ಬೇಕು ಅಂತಾಳೆ. ಮೂರನೆಯವ್ರು ಬೆಂಗಳೂರು ಬಿಟ್ಟು ಬಂದು ಕುಮಟಾದಲ್ಲಿ ಮನೆ ಕಟ್ಟಿಸಿದವ್ರು, ಹೆಂಡ್ತಿ, ಎರಡು ಮಕ್ಳು, ಹದಿನೆಂಟು ಲಕ್ಷ ಆದ್ರೂ ಪರವಾಗಿಲ್ಲ ಅನ್ನೋರು. ಮೂರೂ ಜನ ಕಳ್ಸಿದ ಫೋಟೋ ಮಾತ್ರ ಒಂದೇ ತರದ್ದು, ಎರಡು ಬಾಗ್ಲಿನ ಕೂಪೆ, ಇಳಿಜಾರು ರೂಫು, ನೆಲಕ್ಕೆ ತಾಗೋ ಹಾಗೆ ಕೂತಿರೋದು. ತಗೊಂಡ್ಮೇಲೆ ನಿಧಾನಕ್ಕೆ ಒಂದೊಂದೇ ಮಾಡಿಫೈ ಮಾಡ್ತಾ ಹೋಗ್ಬೇಕು ಅನ್ನೋ ಆಸೆ ಮೂವರಿಗೂ.

ಆ ಆಸೆ ನಂಗೆ ಚೆನ್ನಾಗಿ ಗೊತ್ತು. ನಾನು ಕುಮಟಾದಲ್ಲಿರೋದು, ತೋಟ ಶಿರಸಿ ಕಡೆ, ಪ್ರತೀ ವಾರ ದೇವಿಮನೆ ಘಟ್ಟ ಹತ್ತಿ ಇಳೀತೇನೆ, ನನ್ನ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಜೊತೆ ಐದಾರು ವರ್ಷ ಆಯ್ತು. ಹಾಗಾಗಿ ಮೂವರಿಗೂ ಬೇರೆ ಬೇರೆ ಮೆಸೇಜ್ ಹಾಕೋ ಬದ್ಲು ಎಲ್ಲಾ ಇಲ್ಲೇ ಬರೀತೇನೆ.

ಮೊದ್ಲು ಒಂದು ಬೇಜಾರಿನ ವಿಷ್ಯ ಹೇಳಿಬಿಡ್ತೇನೆ. ಹೊರದೇಶದ ವಿಡಿಯೋಗಳಲ್ಲಿ ನೋಡ್ತೀರಲ್ಲ, ಟೊಯೋಟಾ 86, ಮಾಜ್ಡಾ ಎಂಎಕ್ಸ್-5, ಅಂಥ ಕೈಗೆಟಕೋ ರೇಟಿನ ಎರಡು ಬಾಗ್ಲಿನ ಹಿಂದಿನ ಚಕ್ರದ ಡ್ರೈವ್ ಕಾರು ನಮ್ಮ ದೇಶದಲ್ಲಿ ಕಂಪನಿಯವ್ರು ಮಾರೋದೇ ಇಲ್ಲ. ಒಂದು ಕಾಲದಲ್ಲಿ ನಮ್ಮ ಪಕ್ಕದ ಗೋವಾದಲ್ಲೇ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ ಪುಟ್ಟ ಕಾರು ತಯಾರಾಗ್ತಿತ್ತು, ಫೈಬರ್ ಬಾಡಿ, ರೆನೋದ 1.2 ಲೀಟರ್ ಎಂಜಿನ್, 60 ಎಚ್‌ಪಿ ಆಸುಪಾಸು. ಬಾಡಿ ತುಕ್ಕು ಹಿಡಿಯಲ್ಲ ಅನ್ನೋದೊಂದೇ ಸಾಕಿತ್ತು ನಮ್ಮ ಕರಾವಳಿಗೆ, ಆದ್ರೆ ಈಗ ಸಿಕ್ಕಿದ್ರೂ ಅದು ಸಂಗ್ರಹ ಮಾಡೋರ ಕಾರು, ದಿನಾ ಓಡ್ಸೋದಲ್ಲ. ಹಾಗಾಗಿ ನಮ್ಮ ಬಜೆಟ್ಟಲ್ಲಿ ಸ್ಪೋರ್ಟ್ಸ್ ಕಾರು ಅಂದ್ರೆ ಟರ್ಬೋ ಎಂಜಿನ್ನಿನ ಹ್ಯಾಚ್‌ಬ್ಯಾಕು, ಒಂದೆರಡು ಸೆಡಾನು, ಇಲ್ಲಾಂದ್ರೆ ಹತ್ತು ಹದಿನೈದು ವರ್ಷ ಹಳೇ ಜರ್ಮನ್ ಕೂಪೆ.

ಕಾರಿನ ಹೆಸ್ರು ಹೇಳೋ ಮೊದ್ಲು ಯಾವುದರ ಮೇಲೆ ಅಳೀಬೇಕು ಅನ್ನೋದು. ಬೆಂಗಳೂರಿನವ್ರು ಬರೆಯೋ ಲಿಸ್ಟಲ್ಲಿ ಮೊದ್ಲು ಪವರ್, ಆಮೇಲೆ ಸೊನ್ನೆಯಿಂದ ನೂರು ಎಷ್ಟು ಸೆಕೆಂಡು. ನಮ್ಮ ಜಿಲ್ಲೇಲಿ ಆ ಲೆಕ್ಕ ಕೆಳಗೆ ಹೋಗುತ್ತೆ. ನನ್ನ ಮೊದಲ ಅಳತೆ, ಸರ್ವಿಸ್ ಎಷ್ಟು ದೂರ. ಶಿರಸಿಯಿಂದ ಹುಬ್ಬಳ್ಳಿಗೆ ಹತ್ರತ್ರ ನೂರು ಕಿಲೋಮೀಟರು, ಕಾರವಾರದಿಂದ ಮಡಗಾಂವ್‌ಗೆ ಎಪ್ಪತ್ತರ ಆಸುಪಾಸು. ಕಾರು ಕೆಟ್ಟು ನಿಂತ್ರೆ ಫ್ಲಾಟ್‌ಬೆಡ್ ಟ್ರಕ್ಕಲ್ಲಿ ಅಷ್ಟು ದೂರ ಹೋಗ್ಬೇಕಾ, ಇಲ್ಲ ಊರಲ್ಲೇ ಆಗುತ್ತಾ ಅನ್ನೋದೇ ಅರ್ಧ ತೀರ್ಮಾನ.

ಎರಡ್ನೇದು ಘಟ್ಟ. ದೇವಿಮನೆ, ಅರಬೈಲು, ಅಣಶಿ, ಗೇರುಸೊಪ್ಪೆ, ವಡ್ಡಿ, ದೊಡ್ಮನೆ, ಯಾವ ಕಡೆಯಿಂದ ಸಮುದ್ರಕ್ಕೆ ಇಳಿದ್ರೂ ತಿರುವು ತಪ್ಪಲ್ಲ. ಇಲ್ಲಿ ಬೇಕಾಗೋದು ಕೆಳಗಿನ ಆರ್‌ಪಿಎಂನಲ್ಲೇ, ಅಂದ್ರೆ ಎಂಜಿನ್ ನಿಧಾನಕ್ಕೆ ತಿರುಗುವಾಗ್ಲೇ, ಸಿಗೋ ಟಾರ್ಕು (ಎಳೆಯೋ ಬಲ), ಸೆಕೆಂಡ್ ಗೇರಲ್ಲಿ ಹೇರ್‌ಪಿನ್ ಮುಗಿಸಿ ಕಾಲಿಟ್ಟ ಕೂಡ್ಲೇ ಎದ್ದು ಹೋಗ್ಬೇಕು. ಇಳಿಯುವಾಗ ಬ್ರೇಕು ಕಾದು ಸೋಲಬಾರ್ದು. ಮೂರ್ನೇದು ಮಳೆ, ಉಪ್ಪುಗಾಳಿ. ಕರಾವಳೀಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಅದ್ರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಟೈರಿನ ಗ್ರಿಪ್ಪು, ಕೆಳಗಿನ ತುಕ್ಕು, ವೈರಿಂಗ್ ಕನೆಕ್ಟರು ಎಲ್ಲಾ ಇಲ್ಲೇ ಪರೀಕ್ಷೆಗೆ ಬೀಳೋದು. ನಾಲ್ಕ್ನೇದು ನೆಲದಿಂದ ಎತ್ತರ, ಯಾಕಂದ್ರೆ ಡಾಂಬರು ರಸ್ತೆ ಬಿಟ್ಟು ಮನೆ ಅಂಗಳಕ್ಕೆ ಹೋಗೋ ಕೆಂಪುಕಲ್ಲಿನ ಏರು ನಮ್ಮಲ್ಲಿ ಅರ್ಧ ಜನಕ್ಕೆ ಇದೆ. ಇದಾದ್ಮೇಲೆ ಪವರು, ಮಾಡಿಫೈ ಮಾಡೋಕೆ ಎಷ್ಟು ಜಾಗ ಇದೆ ಅನ್ನೋದು, ಮತ್ತೆ ಮಾರುವಾಗ ಎಷ್ಟು ಸಿಗುತ್ತೆ ಅನ್ನೋದು.

ಈಗ ಕಾರುಗಳು. ರೇಟು ನಾನು ಹೇಳೋದು ಅಂದಾಜು, ಕಂಡೀಶನ್ ನೋಡಿ ಮೇಲೆ ಕೆಳಗೆ ಆಗುತ್ತೆ.

ಬೊಲೆನೋ ಆರ್‌ಎಸ್ ಅನ್ನೋದನ್ನ ಹೆಚ್ಚಿನವ್ರು ಮರ್ತೇಬಿಟ್ಟಿದ್ದಾರೆ, ನಂಗೆ ಅದು ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ ಕಾರು ಅನ್ಸುತ್ತೆ. 2017ರ ಮಾರ್ಚಲ್ಲಿ ಬಂತು, ಬಿಎಸ್6 ಹೊಗೆ ನಿಯಮ ಬಂದ 2020ರಲ್ಲಿ ನಿಂತೋಯ್ತು. 1.0 ಲೀಟರ್ ಬೂಸ್ಟರ್‌ಜೆಟ್ ಟರ್ಬೋ, 102 ಪಿಎಸ್ ಪವರು, 150 ಎನ್‌ಎಂ ಟಾರ್ಕು, ಐದು ಗೇರಿನ ಮ್ಯಾನುಯಲ್. ಕಾಗದದ ಮೇಲೆ ಸಪ್ಪೆ ಅನ್ಸುತ್ತೆ, ಆದ್ರೆ ಕಾರಿನ ತೂಕ ಬರೀ 950 ಕೆಜಿ ಹತ್ರ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ತೂಕ ಕಡ್ಮೆ ಅಂದ್ರೆ ಘಟ್ಟ ಹತ್ತುವಾಗ ಎಂಜಿನ್ನಿಗೆ ಹಗುರ, ಇಳಿಯುವಾಗ ಬ್ರೇಕಿಗೂ ಹಗುರ. ನಮ್ಮ ಭಾವನ ಹತ್ರ ಇದೆ, ಅವ್ನು ಹಿಂದೆ ಬಂದ್ರೆ ದೇವಿಮನೇಲಿ ನನ್ನ ಪೋಲೋ ದೂರ ಆಗೋದೇ ಇಲ್ಲ. ಮಾರುತಿ ಸರ್ವಿಸ್ ಎಲ್ಲಾ ಕಡೆ ಇದೆ, ಎಂಜಿನ್ನಿನ ವಿಷ್ಯದಲ್ಲಿ ಇನ್ನೊಂದು ಸಮಾಧಾನ ಏನಂದ್ರೆ 2023ರಲ್ಲಿ ಬಂದ ಫ್ರಾಂಕ್ಸ್‌ನಲ್ಲೂ 1.0 ಬೂಸ್ಟರ್‌ಜೆಟ್ ಕುಟುಂಬದ್ದೇ ಎಂಜಿನ್, ಹಾಗಾಗಿ ಈ ಎಂಜಿನ್ ಬಿಚ್ಚಿ ಗೊತ್ತಿರೋ ಮೆಕ್ಯಾನಿಕ್ಕುಗಳು ಇನ್ನೂ ಸುಮಾರು ವರ್ಷ ಇರ್ತಾರೆ. ಕೊರತೆ ಏನು ಅಂದ್ರೆ ಸ್ಟೀರಿಂಗ್ ಹಗುರ, ರಸ್ತೆ ಕೈಗೆ ಗೊತ್ತಾಗಲ್ಲ, ಬಾಡಿ ತಗಡು ತೆಳು, ಬಾಗ್ಲು ಹಾಕಿದಾಗ್ಲೇ ತಿಳಿಯುತ್ತೆ. ಮಾರಿದ್ದೇ ಕಡ್ಮೆ, ಒಳ್ಳೇದು ಸಿಗೋಕೆ ಕಾಯ್ಬೇಕು. ನಾಲ್ಕೂವರೆಯಿಂದ ಆರು ಲಕ್ಷ.

ಪೋಲೋ ಜಿಟಿ ಟಿಎಸ್‌ಐ ಬಗ್ಗೆ ಉದ್ದ ಬರೀತೇನೆ, ನನ್ನ ಸ್ವಂತ ಅನುಭವ ಇರೋದು ಇದ್ರದ್ದೇ. ಇದ್ರಲ್ಲಿ ಎರಡು ತರ. 2013ರಿಂದ ಬಂದಿದ್ದು 1.2 ಲೀಟರ್, 105 ಪಿಎಸ್, 175 ಎನ್‌ಎಂ, ಏಳು ಸ್ಪೀಡಿನ ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್. 2020ರಲ್ಲಿ ಬಿಎಸ್6 ಬಂದ್ಮೇಲೆ 1.0 ಲೀಟರ್, 110 ಪಿಎಸ್, 175 ಎನ್‌ಎಂ, ಜಿಟಿ ಅಂದ್ರೆ ಆರು ಸ್ಪೀಡಿನ ಮಾಮೂಲಿ ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದ್ಲು ಎಣ್ಣೆ ಮೂಲಕ ಬಲ ದಾಟಿಸೋ) ಆಟೋಮ್ಯಾಟಿಕ್, ಅದೇ ಎಂಜಿನ್ನಿಗೆ ಬೇರೆ ಟ್ರಿಮ್ಮಲ್ಲಿ ಆರು ಗೇರಿನ ಮ್ಯಾನುಯಲ್ಲೂ ಸಿಗ್ತಿತ್ತು. 2022ರಲ್ಲಿ ಪೋಲೋನೇ ನಿಂತೋಯ್ತು. ಓಡ್ಸೋಕೆ ಎಷ್ಟು ಚೆಂದ ಅಂದ್ರೆ ಗಟ್ಟಿ ಬಾಡಿ, ಸ್ಪೀಡಲ್ಲಿ ನೆಲಕ್ಕೆ ಅಂಟಿ ಕೂರುತ್ತೆ, ಹೊನ್ನಾವರದಿಂದ ಅಂಕೋಲಾವರೆಗೆ ಹೈವೇಲಿ ಇದ್ರಷ್ಟು ನೆಮ್ಮದಿ ಈ ರೇಟಿಗೆ ಇನ್ಯಾವ ಹ್ಯಾಚ್‌ಬ್ಯಾಕೂ ಕೊಡಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆಯ ಅಪಘಾತ ಪರೀಕ್ಷೇಲಿ ಏರ್‌ಬ್ಯಾಗ್ ಇರೋ ಪೋಲೋಗೆ ನಾಲ್ಕು ಸ್ಟಾರ್ ಬಂದಿತ್ತು.

ಆದ್ರೆ ಆ ಡಿಎಸ್‌ಜಿ. ಅದ್ರ ಒಳಗಿರೋದು ಒಣ ಕ್ಲಚ್ಚು, ಎಣ್ಣೇಲಿ ಮುಳುಗಿಲ್ಲ, ತಂಪಾಗೋಕೆ ಗಾಳಿ ಬಿಟ್ರೆ ಇನ್ನೇನೂ ಇಲ್ಲ. ಅರಬೈಲು ಘಟ್ಟದಲ್ಲಿ ಲೋಡಾದ ಲಾರಿ ಹಿಂದೆ ಅರ್ಧ ಗಂಟೆ ತೆವಳ್ಕೊಂಡು ಹೋಗೋದು ಅಂದ್ರೆ ಆ ಕ್ಲಚ್ಚನ್ನ ಅರ್ಧ ಒತ್ತಿ ಹಿಡ್ಕೊಂಡೇ ಹೋದ ಹಾಗೆ. ನಾನು ಕಲ್ತಿದ್ದು ಏನಂದ್ರೆ ಲಾರಿಗೆ ಐವತ್ತು ಅರವತ್ತು ಮೀಟರ್ ಜಾಗ ಬಿಟ್ಟು, ನಿಂತ್ರೆ ಪೂರ್ತಿ ನಿಲ್ಸೋದು, ಹೊರಟ್ರೆ ಮ್ಯಾನುಯಲ್ ಮೋಡಲ್ಲಿ ಒಂದನೇ ಗೇರಲ್ಲೇ ಸರಿಯಾಗಿ ಹೊರಡೋದು, ಏರಲ್ಲಿ ಆಕ್ಸಿಲರೇಟರ್ ಮೇಲೆ ಕಾರು ಹಿಡ್ಕೊಂಡು ನಿಲ್ಲೋದಂತೂ ಬೇಡವೇ ಬೇಡ. ಗೇರು, ಕ್ಲಚ್ಚು ನಿಯಂತ್ರಿಸೋ ಮೆಕಾಟ್ರಾನಿಕ್ ಯೂನಿಟ್ ಹೋದ್ರೆ ಬಿಲ್ಲು ಲಕ್ಷ ದಾಟೋದು ಹೊಸ ವಿಷ್ಯ ಅಲ್ಲ. ಹಾಗಾಗಿ ಶಿರಸಿ-ಯಲ್ಲಾಪುರ ಕಡೆಯವ್ರಿಗೆ ನಾನು ಹೇಳೋದು 1.0 ಮ್ಯಾನುಯಲ್ ಹುಡ್ಕಿ, ಆಗ್ಲಿಲ್ಲ ಅಂದ್ರೆ 1.0 ಟಾರ್ಕ್ ಕನ್ವರ್ಟರು. ಐದರಿಂದ ಎಂಟು ಲಕ್ಷ, ಮ್ಯಾನುಯಲ್ ಟಿಎಸ್‌ಐಗೆ ಬೇಡಿಕೆ ಇರೋದ್ರಿಂದ ರೇಟು ಇಳಿಯೋದೇ ಇಲ್ಲ, ಮಾರುವಾಗ ಅದೇ ಲಾಭ.

ಅಬಾರ್ತ್ ಪುಂಟೋ, ಮನಸ್ಸಿಗೆ ಹತ್ರ ಇರೋ ಕಾರು. 2015ರಲ್ಲಿ ಫಿಯಟ್‌ನವ್ರು ಹತ್ತು ಲಕ್ಷದೊಳಗೆ 145 ಎಚ್‌ಪಿ, 212 ಎನ್‌ಎಂ ಇರೋ 1.4 ಟಿ-ಜೆಟ್ ಎಂಜಿನ್ ಕೊಟ್ಟಿದ್ರು, ನಾಲ್ಕೂ ಕಡೆ ಡಿಸ್ಕು. ಹೈಡ್ರಾಲಿಕ್ ಸ್ಟೀರಿಂಗು, ರಸ್ತೆಯ ಪ್ರತಿ ಕಲ್ಲೂ ಬೆರಳಿಗೆ ಹೇಳುತ್ತೆ. ಮಾಡಿಫೈ ಮಾಡೋರಿಗೆ ಇದಕ್ಕಿಂತ ಗಟ್ಟಿ ಎಂಜಿನ್ ಈ ಲಿಸ್ಟಲ್ಲಿ ಇಲ್ಲ, ಮಾಮೂಲಿ ಪೋರ್ಟ್ ಇಂಜೆಕ್ಷನ್ (ಪೆಟ್ರೋಲು ವಾಲ್ವಿನ ಹಿಂದೆಯೇ ಸಿಂಪಡಿಸೋದು) ಆಗಿರೋದ್ರಿಂದ ವಾಲ್ವಲ್ಲಿ ಕಾರ್ಬನ್ ಕಟ್ಟೋ ತಲೆನೋವೂ ಕಡ್ಮೆ. ಆದ್ರೆ ಫಿಯಟ್ ದೇಶದಲ್ಲಿ ಕಾರು ಮಾರೋದೇ ನಿಲ್ಲಿಸಿ ವರ್ಷಗಳಾದ್ವು, ಒಂದು ಹೆಡ್‌ಲೈಟಿಗೆ, ಒಂದು ಸೆನ್ಸರಿಗೆ ಪೂನಾ, ಕೊಯಮತ್ತೂರು ಅಂತ ಫೋನು ಮಾಡ್ಬೇಕು, ಅಬಾರ್ತ್‌ಗೇ ಸೇರಿದ ಪಾರ್ಟ್ ಆದ್ರೆ ಇನ್ನೂ ಕಷ್ಟ. ನೆಲದಿಂದ ಎತ್ತರ ಬರೀ 155 ಮಿಲಿಮೀಟರ್. ಮನೇಲಿ ಇನ್ನೊಂದು ಕಾರಿದೆ, ಎರಡು ವಾರ ಬಿಡಿಭಾಗಕ್ಕೆ ಕಾಯೋ ತಾಳ್ಮೆ ಇದೆ, ಸ್ಪ್ಯಾನರ್ ಹಿಡಿಯೋಕೆ ಬರುತ್ತೆ ಅನ್ನೋರು ಕಣ್ಮುಚ್ಚಿ ತಗೊಳ್ಳಿ. ಒಂದೇ ಕಾರು ಇರೋ ಮನೆಗೆ ಬೇಡ, ಎಷ್ಟೇ ಇಷ್ಟ ಆದ್ರೂ ಬೇಡ. ಹಳೇ ಲೀನಿಯಾ ಟಿ-ಜೆಟ್‌ಗೂ ಇದೇ ಮಾತು, ಅದು ಇನ್ನೂ ಅಗ್ಗಕ್ಕೆ ಸಿಗುತ್ತೆ ಅಷ್ಟೇ.

ಹ್ಯುಂಡೈ ಐ20 ಎನ್ ಲೈನ್, ಹೊಸ ಕಾರೇ ಬೇಕು ಅನ್ನೋರಿಗೆ. 1.0 ಲೀಟರ್ ಟರ್ಬೋ, 120 ಪಿಎಸ್, 172 ಎನ್‌ಎಂ, ಹಿಂದೇನೂ ಡಿಸ್ಕು. 2021ರಲ್ಲಿ ಬಂದಾಗ ಕ್ಲಚ್ ಪೆಡಲ್ ಇಲ್ಲದ ಐಎಂಟಿ ಇತ್ತು, 2023ರಲ್ಲಿ ಅದನ್ನ ತೆಗ್ದು ಸರಿಯಾದ ಆರು ಗೇರಿನ ಮ್ಯಾನುಯಲ್ ಕೊಟ್ರು, ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡೋರು ವರ್ಷ ನೋಡಿ ತಗೊಳ್ಳಿ. ಮಾಮೂಲಿ ಐ20ಗಿಂತ ಸಸ್ಪೆನ್ಷನ್ ಬಿಗಿ, ಸೈಲೆನ್ಸರಿನ ದನಿ ಕಂಪನಿಯವ್ರೇ ಸ್ವಲ್ಪ ದಪ್ಪ ಮಾಡಿದ್ದಾರೆ, ಅಂದ್ರೆ ಪೊಲೀಸ್ರ ಭಯ ಇಲ್ಲದ ದನಿ. ಇದೇ ಎಂಜಿನ್ ವೆನ್ಯೂಲೂ ಇರೋದ್ರಿಂದ ಪಾರ್ಟಿನ ಚಿಂತೆ ಇಲ್ಲ. 2025ರ ಸೆಪ್ಟೆಂಬರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18 ಪರ್ಸೆಂಟ್ ಆಯ್ತಲ್ಲ, ಇದು ಆ ಲೆಕ್ಕದೊಳಗೇ ಬರುತ್ತೆ. ಕಡ್ಮೆ ಅನ್ಸೋದು ಸುರಕ್ಷತೆ, ಐ20ಗೆ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕೊಟ್ಟಿದ್ದು ಮೂರೇ ಸ್ಟಾರ್. ವಾರಂಟಿ ಇರುವಾಗ ಎಂಜಿನ್ ಮುಟ್ಟೋ ಹಾಗಿಲ್ಲ ಅನ್ನೋದು ಕೆಲವ್ರಿಗೆ ಬೇಜಾರು, ನಂಗೆ ಅದು ಒಳ್ಳೇದೇ ಅನ್ಸುತ್ತೆ, ಮೊದಲ ಮೂರು ವರ್ಷ ಟೈರು, ಬ್ರೇಕು ಅಂತ ನೆಲದ ಕೆಲ್ಸದ ಕಡೆ ಗಮನ ಹೋಗುತ್ತೆ.

ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5, ದುಡ್ಡಿದ್ರೆ ಇದು. 150 ಪಿಎಸ್, 250 ಎನ್‌ಎಂ, ಹೊಸದ್ರಲ್ಲಿ ಈ ರೇಟಿಗೆ ಇದಕ್ಕಿಂತ ಖುಷಿ ಕೊಡೋ ಪೆಟ್ರೋಲ್ ಕಾರು ನಂಗೆ ಕಾಣಲ್ಲ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರು. ಖಾಲಿ ಇದ್ದಾಗ ನೆಲದಿಂದ 179 ಮಿಲಿಮೀಟರ್, ಅಂದ್ರೆ ಸೆಡಾನ್ ಆದ್ರೂ ನಮ್ಮ ರಸ್ತೆಯ ಹಂಪ್‌ಗಳಿಗೆ ಹೆದರ್ಬೇಕಾಗಿಲ್ಲ. ಹೈವೇಲಿ ಹಗುರಕ್ಕೆ ಹೋಗುವಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ಬಂದ್ ಆಗೋದ್ರಿಂದ ಮೈಲೇಜೂ ಪರವಾಗಿಲ್ಲ. ಹಿಂದೆ ಡ್ರಮ್ ಬ್ರೇಕು ಕೊಟ್ಟಿದ್ದು ಮಾತ್ರ ಈ ರೇಟಿನ ಕಾರಿಗೆ ಸರಿಯಲ್ಲ. ಮುಂದೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದ್ಲಿಸಿ ಪವರ್ ಹೆಚ್ಚಿಸೋದು) ಮಾಡೋ ಯೋಚನೆ ಇರೋರು ಒಂದು ಲೆಕ್ಕ ಗಮನಿಸಿ, ಈ ಏಳು ಸ್ಪೀಡ್ ಒಣ ಕ್ಲಚ್ಚಿನ ಡಿಎಸ್‌ಜಿ ತಡ್ಕೊಳ್ಳೋ ಟಾರ್ಕು 250 ಎನ್‌ಎಂ, ಎಂಜಿನ್ ಕಂಪನಿಯಿಂದ ಬರುವಾಗ್ಲೇ ಕೊಡೋದೂ 250. ಅಂದ್ರೆ ಹೆಚ್ಚಿಸೋಕೆ ಜಾಗಾನೇ ಇಲ್ಲ. ಮಾಡಿಫೈ ಆಸೆ ಇದ್ರೆ ಮ್ಯಾನುಯಲ್ಲೇ ತಗೋಬೇಕು. ಇನ್ನೊಂದು ಖರ್ಚು, ರೋಡ್ ಟ್ಯಾಕ್ಸು. ನಮ್ಮ ರಾಜ್ಯದಲ್ಲಿ ಹತ್ತು ಲಕ್ಷ ದಾಟಿದ್ರೆ 17 ಪರ್ಸೆಂಟು, ಅದ್ರ ಮೇಲೆ ಸೆಸ್ಸು, ಶೋರೂಮ್ ರೇಟಿಗೂ ಆನ್ ರೋಡ್ ರೇಟಿಗೂ ಮೂರು ಲಕ್ಷದ ಮೇಲೆ ವ್ಯತ್ಯಾಸ ಬರುತ್ತೆ.

ಇನ್ನು ಹಳೇ ಆಡಿ ಟಿಟಿ, ಹಳೇ ಬೆಂಜ್ ಎಸ್‌ಎಲ್‌ಕೆ. ಫೋಟೋಲಿ ಕಳ್ಸಿದ್ದು ಇದೇ ತರದ್ದು ಅಂತ ಗೊತ್ತು. ಹದಿನೈದು ಲಕ್ಷಕ್ಕೆ ಸಿಗುತ್ತೆ ಅನ್ನೋದು ನಿಜ, ಆದ್ರೆ ಪಾರ್ಟಿನ ರೇಟು ಈಗ್ಲೂ ಐವತ್ತು ಲಕ್ಷದ ಕಾರಿನದ್ದೇ. ಉಪ್ಪುಗಾಳೀಲಿ ಮಡಚೋ ರೂಫಿನ ಹೈಡ್ರಾಲಿಕ್ಕು, ಸೆನ್ಸರು, ಹಳೇ ವೈರಿಂಗು, ಬೇಡ ಮಾರಾಯ. ವರ್ಷಕ್ಕೆ ಎರಡು ಲಕ್ಷ ಪಕ್ಕಕ್ಕೆ ಇಡೋ ತಾಕತ್ತು ಇರೋರಿಗೆ, ಮುಚ್ಚಿದ ಶೆಡ್ಡು ಇರೋರಿಗೆ ಮಾತ್ರ.

ಗೋವಾ ನಂಬರಿನ ಗಾಡಿ ಅಗ್ಗ ಅಂತ ಕಾರವಾರದವ್ರು ತುಂಬಾ ಜನ ನೋಡ್ತಾರೆ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಕೊಂಡ್ರೆ ಇಲ್ಲಿನ ನಂಬರ್ ಮಾಡಿಸ್ಲೇಬೇಕು, ಎನ್‌ಒಸಿ ತರ್ಬೇಕು, ವಯಸ್ಸಿಗೆ ತಕ್ಕ ಹಾಗೆ ಟ್ಯಾಕ್ಸ್ ಕಟ್ಬೇಕು. ಆ ಲೆಕ್ಕ ಸೇರ್ಸಿ ಆಮೇಲೆ ಅಗ್ಗವೋ ಅಲ್ವೋ ನೋಡಿ. ಸಮುದ್ರದ ಪಕ್ಕದಲ್ಲೇ ನಿಂತ ಗಾಡಿ ಆದ್ರೆ ಲಿಫ್ಟಿಗೆ ಏರಿಸಿ ಕೆಳಗೆ ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ. ಹದಿನೈದು ವರ್ಷ ಹತ್ರ ಬಂದ ಗಾಡಿ ಆದ್ರೆ ಮರು ನೋಂದಣಿ, ಫಿಟ್‌ನೆಸ್ಸು, ಅದ್ರ ಖರ್ಚು ಬೇರೆ.

ಈಗ ಮಾಡಿಫೈ. ನಾನು ತಪ್ಪಾದ ಕಡೆಯಿಂದ ಶುರು ಮಾಡಿ ದುಡ್ಡು ಕಳ್ಕೊಂಡಿದ್ದು, ಅದನ್ನ ಹೇಳ್ತೇನೆ. ಕಾರು ತಗೊಂಡ ಮೂರೇ ತಿಂಗಳಿಗೆ ದೂರದ ಊರಿನ ಒಂದು ಅಂಗಡೀಲಿ ಲೋವರಿಂಗ್ ಸ್ಪ್ರಿಂಗ್ ಹಾಕಿಸ್ದೆ, ಕಂಪನಿ ಶಾಕ್ ಅಬ್ಸಾರ್ಬರ್‌ಗೇ ಸರಿಹೋಗುತ್ತೆ ಅಂದ್ರು, ಮೂವತ್ತೈದು ಮಿಲಿಮೀಟರ್ ಕೆಳಗೆ ಬಂತು, ನಿಂತಾಗ ನೋಡೋಕೆ ಚೆಂದ. ಮನೆ ಅಂಗಳಕ್ಕೆ ಹತ್ತೋ ಏರಲ್ಲೇ ಮೊದ್ಲ ದಿನ ಕೆಳಗೆ ಕೆರೆಯಿತು. ಆ ಜೂನಲ್ಲಿ ನೀರು ತುಂಬಿದ ಗುಂಡಿ ಗೊತ್ತಾಗ್ದೆ ಇಳ್ಸಿದಾಗ ಎಂಜಿನ್ ಆಯಿಲ್ ಸಂಪು ಒಡೆದು ದಾರೀಲೇ ನಿಂತೆ, ಮಳೆ ಸುರೀತಾ ಇತ್ತು, ಮಗಳು ಹಿಂದಿನ ಸೀಟಲ್ಲಿದ್ಲು. ಟೋವಿಂಗು, ಸಂಪು, ಎರಡು ಶಾಕ್ ಅಬ್ಸಾರ್ಬರು ಎಲ್ಲಾ ಸೇರಿ ಸ್ಪ್ರಿಂಗಿನ ಮೂರು ಪಟ್ಟು ಖರ್ಚಾಯ್ತು, ಮತ್ತೆ ಹಳೇ ಸ್ಪ್ರಿಂಗೇ ಹಾಕ್ಸಿದೆ.

ಅದಾದ್ಮೇಲೆ ನಾನು ಹಿಡಿದ ದಾರಿ ಇದು. ಮೊದಲ ವರ್ಷ ಏನೂ ಹಾಕೋದಿಲ್ಲ, ಇರೋದನ್ನ ಸರಿ ಮಾಡೋದು. ಸಸ್ಪೆನ್ಷನ್ನಿನ ರಬ್ಬರ್ ಬುಷ್ಷು, ಎಂಜಿನ್ ಮೌಂಟು, ಕೂಲಂಟ್ ಹೋಸು, ಬ್ಯಾಟರಿ, ಎಲ್ಲಾ ಎಣ್ಣೆ. ಎಂಟು ವರ್ಷ ಹಳೇ ಕಾರಿಗೆ ಹೊಸ ಬುಷ್ಷು, ಹೊಸ ಶಾಕ್ ಅಬ್ಸಾರ್ಬರ್ ಹಾಕಿದ್ರೆ ಅದೇ ದೊಡ್ಡ ಮಾಡಿಫಿಕೇಶನ್ನು. ಜೊತೆಗೆ ಕೆಳಗಡೆ ಆಂಟಿ ರಸ್ಟ್, ಬಾಗ್ಲಿನ ಒಳಗಿನ ಟೊಳ್ಳಿಗೂ ವ್ಯಾಕ್ಸ್ ಹೊಡ್ಸಿ. ವೈಪರ್ ಕೆಳಗಿನ ನೀರು ಹೋಗೋ ಕಿಂಡೀಲಿ ಎಲೆ ಕೂತ್ಕೊಂಡ್ರೆ ನೀರು ಕ್ಯಾಬಿನ್ನಿಗೆ ಬರುತ್ತೆ, ಮೇ ತಿಂಗಳಲ್ಲೇ ತೆಗೀರಿ. ತೋಟದ ಮನೆಯವ್ರು ಇಲಿ ಬಗ್ಗೆ ಎಚ್ಚರ, ಒಂದು ರಾತ್ರೀಲಿ ಕಡ್ದ ವೈರು ಒಂದು ಟೈರಿನ ದುಡ್ಡು ನುಂಗುತ್ತೆ. ಮತ್ತೆ ಗಾಡೀನ ಬೀಚಿನ ಮರಳಿಗೆ ಇಳಿಸ್ಬೇಡಿ, ಒಂದು ಫೋಟೋಗೋಸ್ಕರ ಉಪ್ಪು ಮೂಲೆಮೂಲೆಗೆ ಹೋಗಿ ಕೂರುತ್ತೆ.

ಎರಡ್ನೇ ವರ್ಷ ಟೈರು. ಕಾರನ್ನ ಹಿಡಿಯೋದು ಅಂಗೈ ಅಗಲದ ನಾಲ್ಕು ಜಾಗ ಮಾತ್ರ, ಜುಲೈಯಲ್ಲಿ ದೇವಿಮನೆ ಮಂಜಲ್ಲಿ ಎದುರಿಗೆ ಬಸ್ ಬಂದಾಗ 120 ಪಿಎಸ್ ಯಾವ ಕೆಲ್ಸಕ್ಕೂ ಬರಲ್ಲ. ಒದ್ದೆ ರಸ್ತೇಲಿ ಚೆನ್ನಾಗಿ ಹಿಡಿಯೋದನ್ನೇ ತಗೊಳ್ಳಿ, ಬಾಳಿಕೆ ಹತ್ತು ಸಾವಿರ ಕಿಲೋಮೀಟರ್ ಕಡ್ಮೆ ಆದ್ರೂ ಆಗ್ಲಿ. ಕಾನೂನಿನ ಪ್ರಕಾರ ಕಾರಿನ ಟೈರಿಗೆ 1.6 ಮಿಲಿಮೀಟರ್ ತನಕ ಸವೀಬಹುದು, ನಮ್ಮ ಮಳೇಲಿ ನಾನು ಮೂರಕ್ಕೇ ಬದಲಾಯಿಸ್ತೇನೆ. ಅಳತೆ ಒಂದೇ ಹೆಜ್ಜೆ ದೊಡ್ಡದು ಮಾಡಿ, ಪೋಲೋದ 185/60 ಆರ್15 ಇದ್ರೆ 195/55 ಆರ್16, ಹೊರಗಿನ ವ್ಯಾಸ ಮೂರು ಪರ್ಸೆಂಟ್ ಆಸುಪಾಸು ಮಾತ್ರ ಹೆಚ್ಚಾಗುತ್ತೆ, ಸ್ಪೀಡೋಮೀಟರ್ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ. ಹದಿನೇಳು ಇಂಚಿನ ಅಲಾಯ್ ಹಾಕಿ ತೆಳು ಟೈರ್ ಹಾಕಿದ್ರೆ ನಮ್ಮ ಗುಂಡಿಗೆ ರಿಮ್ಮು ಬಗ್ಗೋದು ಖಂಡಿತ.

ಟೈರಿನ ಜೊತೆಗೇ ಬ್ರೇಕು. ದೊಡ್ಡ ಡಿಸ್ಕು, ಕೆಂಪು ಕ್ಯಾಲಿಪರ್ ಬೇಡ, ಒಳ್ಳೇ ಪ್ಯಾಡು ಮತ್ತೆ ಹೊಸ ಬ್ರೇಕ್ ಆಯಿಲ್ ಸಾಕು. ಈ ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯೋದು 230 ಡಿಗ್ರಿ ಮೇಲೆ, ತೇವ ಹೀರಿದ್ಮೇಲೆ 155ರ ಹತ್ರ ಬರುತ್ತೆ. ಘಟ್ಟ ಇಳಿಯುವಾಗ ಉದ್ದಕ್ಕೂ ಬ್ರೇಕ್ ತುಳ್ದು ಆಯಿಲ್ ಕುದಿದ್ರೆ ಒಳಗೆ ಆವಿ ಆಗಿ ಪೆಡಲ್ ಸ್ಪಂಜಿನ ತರ ಒಳಗೆ ಹೋಗುತ್ತೆ. ನಮ್ಮ ತೇವದ ಹವೇಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಲೇಬೇಕು, ಖರ್ಚು ಎರಡು ಸಾವಿರದ ಒಳಗೆ, ಇಷ್ಟು ಕಡ್ಮೆಗೆ ಇಷ್ಟು ಉಪಕಾರ ಆಗೋ ಇನ್ನೊಂದು ಕೆಲ್ಸ ಕಾರಲ್ಲಿ ಇಲ್ಲ.

ಮೂರ್ನೇದು ಶಾಕ್ ಅಬ್ಸಾರ್ಬರು, ಕಂಪನಿ ಎತ್ತರಕ್ಕೇ ಸರಿಹೋಗೋ, ಸ್ವಲ್ಪ ಬಿಗಿ ಇರೋದು. ಎತ್ತರ ಇಳ್ಸದೇನೇ ಕಾರು ತಿರುವಲ್ಲಿ ವಾಲೋದು ಕಡ್ಮೆ ಆಗುತ್ತೆ. ನಾಲ್ಕ್ನೇದು, ವಾರಂಟಿ ಮುಗಿದ್ಮೇಲೆ, ಕ್ಲಚ್ಚು, ಸ್ಪಾರ್ಕ್ ಪ್ಲಗ್ಗು, ಕಾಯಿಲ್ಲು ಎಲ್ಲಾ ಸರಿ ಇದ್ರೆ ಮಾತ್ರ ರೀಮ್ಯಾಪು. ಟರ್ಬೋ ಎಂಜಿನ್ನಿಗೆ ಇದ್ರಿಂದ ಬರೋ ಬದಲಾವಣೆ ದೊಡ್ಡದೇ, ಅದಕ್ಕೇ ಕೊನೆಗಿಡಿ ಅನ್ನೋದು. ಎಕ್ಸ್‌ಪಿ95 ತರದ ಹೆಚ್ಚು ಆಕ್ಟೇನಿನ ಪೆಟ್ರೋಲು ನೀವು ದಿನಾ ಹೋಗೋ ದಾರೀಲಿ ಸಿಗುತ್ತಾ ನೋಡ್ಕೊಂಡು ಮ್ಯಾಪ್ ಹಾಕ್ಸಿ, ಸಿಗಲ್ಲ ಅಂದ್ರೆ ಮಾಮೂಲಿ ಪೆಟ್ರೋಲಿಗೇ ಮಾಡಿದ ಮ್ಯಾಪ್ ಕೇಳಿ. 2023ರ ಮೊದ್ಲಿನ ಕಾರಾದ್ರೆ ಇ20 (20 ಪರ್ಸೆಂಟ್ ಎಥನಾಲ್ ಬೆರೆತ) ಪೆಟ್ರೋಲಿಗೆ ರಬ್ಬರ್ ಪೈಪು ತಡ್ಕೊಳ್ತಾ ಇದ್ಯಾ ಅಂತ ಪ್ರತೀ ಸರ್ವಿಸಲ್ಲಿ ನೋಡ್ಸಿ. ಕೋನ್ ತರದ ಓಪನ್ ಏರ್ ಫಿಲ್ಟರು ಮಾತ್ರ ನಮ್ಮ ಮಳೇಲಿ ಬೇಡ, ಕಂಪನಿ ಡಬ್ಬದೊಳಗೆ ಕೂರೋ ಫಿಲ್ಟರ್ರೇ ಸಾಕು.

ಸೈಲೆನ್ಸರು, ದನಿ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಆರ್‌ಸೀಲಿ ಬರೆದಿರೋ ಕಂಪನಿ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬಹುದು. ಎಂಜಿನ್ ಬದ್ಲಿಸೋದು, ಬಾಡಿ ಕೊಯ್ಯೋದು, ದೊಡ್ಡ ದನಿಯ ಸೈಲೆನ್ಸರು ಇದ್ರೊಳಗೆ ಸಿಕ್ಕಿಬೀಳುತ್ತೆ, ಒಳ್ಳೇ ಟೈರು, ಪ್ಯಾಡು, ಕಂಪನಿ ಅಳತೆಯ ಶಾಕ್ ಅಬ್ಸಾರ್ಬರಿಗೆ ಯಾರ ತಕರಾರೂ ಇಲ್ಲ. ಇನ್ಶೂರೆನ್ಸಿನವ್ರಿಗೆ ಹೇಳ್ದೆ ರೀಮ್ಯಾಪ್ ಮಾಡ್ಸಿ ಆಮೇಲೆ ಕ್ಲೇಮಿಗೆ ಹೋದ್ರೆ ಕೈಬಿಡೋಕೆ ಅವ್ರಿಗೆ ಕಾರಣ ಸಿಗುತ್ತೆ, ಬರವಣಿಗೇಲಿ ತಿಳ್ಸಿ ಪ್ರೀಮಿಯಂ ಸ್ವಲ್ಪ ಹೆಚ್ಚು ಕಟ್ಟೋದು ಒಳ್ಳೇದು.

ಹಾಗಾದ್ರೆ ಮೂವರಿಗೆ ಏನು? ಕಾರವಾರದವ್ಳಿಗೆ ಐ20 ಎನ್ ಲೈನ್ ಮ್ಯಾನುಯಲ್, ದಿನದ ಓಡಾಟ ಹೆಚ್ಚು, ವಾರಂಟಿ ಬೇಕು, ದಾರಿ ಬಹುಪಾಲು ಹೈವೇ. ಐದು ಸ್ಟಾರೇ ಬೇಕು ಅನ್ಸಿದ್ರೆ ಇನ್ನೊಂದು ವರ್ಷ ದುಡ್ಡು ಕೂಡ್ಸಿ ವರ್ಟಸ್ 1.0 ಮ್ಯಾನುಯಲ್ ನೋಡ್ಲಿ, ಅದೂ ತಪ್ಪಲ್ಲ. ಕುಮಟಾದವ್ರಿಗೆ ವರ್ಟಸ್ 1.5, ಮಕ್ಳಿದ್ದಾರೆ, ಡಿಕ್ಕಿ ದೊಡ್ಡದು, ಮ್ಯಾನುಯಲ್ ಸಿಗೋದಾದ್ರೆ ಅದೇ, ಹೆಂಡ್ತೀಗೆ ಆಟೋಮ್ಯಾಟಿಕ್ಕೇ ಬೇಕಂದ್ರೆ ಡಿಎಸ್‌ಜಿ ತಗೊಂಡು ರೀಮ್ಯಾಪ್ ಆಸೆ ಬಿಟ್ಬಿಡಿ, ಎಕ್ಸ್‌ಟೆಂಡೆಡ್ ವಾರಂಟಿ ಮೊದ್ಲೇ ಹಾಕ್ಸಿ.

ಶಿರಸಿ ಹುಡುಗನ ಮನಸ್ಸು ಅಬಾರ್ತ್ ಮೇಲಿದೆ. ನಾನು ಅವ್ನಿಗೆ ಹೇಳಿದ್ದು ಬೊಲೆನೋ ಆರ್‌ಎಸ್ ಐದು ಲಕ್ಷಕ್ಕೆ, ಉಳಿದ ಒಂದು ಲಕ್ಷದಲ್ಲಿ ಇನ್ಶೂರೆನ್ಸು, ಟೈರು, ಬ್ರೇಕು, ಶಾಕ್ ಅಬ್ಸಾರ್ಬರು. ಹುಬ್ಬಳ್ಳೀಲಿ ಒಂದು ನೋಡಿಟ್ಟಿದ್ದಾನೆ, ಬರೋ ಭಾನುವಾರ ಇಬ್ರೂ ಹೋಗ್ತಾ ಇದ್ದೇವೆ. ಬೆಳಿಗ್ಗೆ ಬೇಗ ಹೋಗಿ ತಣ್ಣಗಿರುವಾಗ್ಲೇ ಸ್ಟಾರ್ಟ್ ಮಾಡಿ ಕೇಳ್ಬೇಕು, ಮೊದ್ಲೇ ಬಿಸಿ ಮಾಡಿಟ್ಟಿದ್ರೆ ಅನುಮಾನ. ಆಯಿಲ್ ಮುಚ್ಚಳದ ಒಳಗೆ ಬಿಳಿ ನೊರೆ ಇದ್ಯಾ, ಸ್ಟೆಪ್ನಿ ಎತ್ತಿ ಕೆಳಗೆ ನೀರು ನಿಂತ ಗುರ್ತು ಇದ್ಯಾ, ಸೀಟ್ ಬೆಲ್ಟ್ ಪೂರ್ತಿ ಎಳೆದ್ರೆ ಕೊನೇಲಿ ಕೆಸರಿನ ಕಲೆ ಇದ್ಯಾ, ನಾಲ್ಕೂ ಟೈರಿನ ತಯಾರಾದ ವಾರ ಯಾವ್ದು, ಸರ್ವಿಸ್ ರೆಕಾರ್ಡಿನ ಕಿಲೋಮೀಟರು ಮೀಟರಿಗೆ ತಾಳೆ ಆಗುತ್ತಾ. ಮೂರ್ನೇ ಗೇರಲ್ಲಿ 1500 ಆರ್‌ಪಿಎಂನಿಂದ ಪೂರ್ತಿ ತುಳಿದ್ರೆ ಎಳೆತ ಸಮವಾಗಿ ಬರ್ಬೇಕು, ನಡುವೆ ತಡವರಿಸ್ಬಾರ್ದು, ಹಿಂದೆ ನೀಲಿ ಹೊಗೆ ಕಾಣ್ಬಾರ್ದು. ಸ್ಕ್ಯಾನರ್ ನನ್ನ ಹತ್ರ ಇದೆ, ಟಾರ್ಚು, ಹಳೇ ಲುಂಗಿ ಒಂದು ತಗೊಂಡು ಹೋಗ್ತೇವೆ, ಕೆಳಗೆ ಮಲಗಿ ನೋಡೋಕೆ.